ಬೆನ್ನು ಹಿಡ್ಕೊಂಡಿದೆಯಾ? ಫೋಮ್ ರೋಲರ್ ಎಷ್ಟು ಮಾಡುತ್ತೆ, ವ್ಯಾಯಾಮ ಎಷ್ಟು ಮಾಡುತ್ತೆ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೊದಲ್ಲೋ ಕೂತಿದ್ದೀರಾ? ಹಾಗಾದ್ರೆ ಒಂದು ಸಣ್ಣ ಕೆಲಸ ಮಾಡಿ. ಎರಡೂ ಭುಜಗಳನ್ನು ಕಿವಿ ಹತ್ತಿರಕ್ಕೆ ಎತ್ತಿ, ಐದು ಸೆಕೆಂಡ್ ಹಿಡೀರಿ, ಆಮೇಲೆ ನಿಧಾನಕ್ಕೆ ಬಿಡಿ. ಸ್ವಲ್ಪ ಹಗುರ ಅನಿಸ್ತಾ? ಆ ಹಗುರ ಎಲ್ಲಿಂದ ಬಂತು, ಎಷ್ಟು ಹೊತ್ತು ಇರುತ್ತೆ, ಅದನ್ನು ದಿನವಿಡೀ ಉಳಿಸಿಕೊಳ್ಳೋದು ಹೇಗೆ? ಇವತ್ತು ಇದರ ಬಗ್ಗೆಯೇ ಮಾತಾಡೋಣ.

ಕಳೆದ ಕೆಲವು ತಿಂಗಳಲ್ಲಿ ನಮಗೆ ಬಂದ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇದೆ. 'ಬೆನ್ನು ಪೆಡಸಾಗಿದೆ, ಫೋಮ್ ರೋಲರ್ ತಗೊಳ್ಳಲಾ?' ಬರೆದವರಲ್ಲಿ ಹೆಚ್ಚಿನವರು ಇಪ್ಪತ್ತರಿಂದ ಮೂವತ್ತೈದರ ಒಳಗಿನವರು. ಲ್ಯಾಪ್‌ಟಾಪ್ ಮುಂದೆ ಕೂರೋರು, ದಿನಪೂರ್ತಿ ಗಾಡಿ ಓಡಿಸಿ ಡೆಲಿವರಿ ಮಾಡೋರು, ಪರೀಕ್ಷೆಗೆ ಓದ್ತಿರೋರು. ರೀಲ್ಸ್‌ನಲ್ಲಿ ಯಾರೋ ಒಂದು ರೋಲರ್ ಮೇಲೆ ಬೆನ್ನು ಉರುಳಿಸಿ, 'ಗಂಟುಗಳೆಲ್ಲ ಒಡೆದುಹೋದವು' ಅಂತಾರೆ. ನೋಡಿದ್ರೆ ಆಸೆಯಾಗುತ್ತೆ. ಆದ್ರೆ ನಿಜಕ್ಕೂ ಒಳಗೆ ಏನಾಗುತ್ತೆ?

ಬಿಗಿತ ಅಂದ್ರೆ ಯಾವುದು?

ಮೊದಲು ಒಂದು ಗೊಂದಲ ಬಿಡಿಸ್ಕೊಳ್ಳೋಣ. 'ಬೆನ್ನು ಬಿಗಿದಿದೆ' ಅನ್ನುವಾಗ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾತಲ್ಲಿ ಹೇಳ್ತಿರ್ತೀವಿ.

ಒಂದು, ಸ್ನಾಯು ನಿಜವಾಗಿಯೂ ಗಟ್ಟಿಯಾಗಿರೋದು. ಇದನ್ನು ಅಳೀಬಹುದು. ಚರ್ಮದ ಮೇಲೆ ಒಂದು ಸಣ್ಣ ಉಪಕರಣ ಇಟ್ಟು ಒತ್ತಿ, ಎಷ್ಟು ಒತ್ತಿದರೆ ಎಷ್ಟು ತಗ್ಗುತ್ತೆ ಅಂತ ನೋಡ್ತಾರೆ. ವಿಶೇಷ ಅಲ್ಟ್ರಾಸೌಂಡ್‌ನಿಂದಲೂ ನೋಡ್ತಾರೆ. ಎರಡನೆಯದು, ಗಟ್ಟಿಯಾಗಿದೆ ಅಂತ ನಮಗೆ ಅನಿಸೋದು. ಇವೆರಡೂ ಯಾವಾಗಲೂ ಜೊತೆಜೊತೆಗೆ ಹೋಗಲ್ಲ.

2017ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರ ತಂಡವೊಂದು 'ಸೈಂಟಿಫಿಕ್ ರಿಪೋರ್ಟ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ತಂಡದ ಮುಖ್ಯಸ್ಥೆ ತಾಶಾ ಸ್ಟಾಂಟನ್. ಬಹಳ ಕಾಲದಿಂದ ಬೆನ್ನುನೋವು, ಬಿಗಿತ ಇರೋರನ್ನೂ ಇಲ್ಲದೋರನ್ನೂ ಮಲಗಿಸಿ, ಯಂತ್ರದಿಂದ ಬೆನ್ನು ಒತ್ತಿ ಅಳೆದರು. 'ನನ್ನ ಬೆನ್ನು ತುಂಬಾ ಬಿಗಿ' ಅಂದವರ ಬೆನ್ನು ಅಳತೆಯಲ್ಲೂ ಬಿಗಿಯಾಗೇ ಇರಬೇಕಲ್ವಾ? ಹಾಗೆ ಕಾಣಲಿಲ್ಲ. ಅನಿಸಿಕೆಗೂ ಅಳತೆಗೂ ತಾಳೆಯಾಗಲಿಲ್ಲ. ಇನ್ನೊಂದು ಸ್ವಾರಸ್ಯ ಏನಂದ್ರೆ, ಬೆನ್ನು ಒತ್ತುವಾಗಲೇ ಕಿರ್ರ್ ಅನ್ನೋ ಸದ್ದು ಕೇಳಿಸಿದರೆ ಎಷ್ಟು ಜೋರಾಗಿ ಒತ್ತಿದರು ಅನ್ನೋ ಅಂದಾಜೇ ಬದಲಾಗ್ತಿತ್ತು. ಅಂದ್ರೆ ಬಿಗಿತದ ಅನುಭವ ಬರೀ ಮಾಂಸಖಂಡದ ಸುದ್ದಿ ಅಲ್ಲ. 'ಇಲ್ಲಿ ಸ್ವಲ್ಪ ಹುಷಾರು' ಅಂತ ಮಿದುಳು ಕೊಡುವ ಎಚ್ಚರಿಕೆಯೂ ಅದರಲ್ಲಿ ಸೇರಿದೆ.

ಹಾಗಂತ 'ಎಲ್ಲ ನಿಮ್ಮ ಭ್ರಮೆ' ಅಂತ ನಾನು ಹೇಳ್ತಿಲ್ಲ. ನೋವು ನಿಜ, ಬಿಗಿತವೂ ನಿಜ. ಬೆನ್ನು ಮರದ ಹಲಗೆಯಾಗಿ ಹೋಗಿದೆ, ಯಾರಾದ್ರೂ ಜಜ್ಜಿ ಮೆತ್ತಗೆ ಮಾಡಬೇಕು ಅನ್ನೋ ಕಲ್ಪನೆ ಮಾತ್ರ ತಪ್ಪು.

ಕೂತು ಕೂತು ಏನಾಗುತ್ತೆ?

ಈಗ ಇನ್ನೊಂದು ಮುಖ ನೋಡೋಣ. ಬಹಳ ಹೊತ್ತು ಕೂತರೆ ಸ್ನಾಯು ನಿಜಕ್ಕೂ ಗಟ್ಟಿಯಾಗುತ್ತಾ? ಆಗುತ್ತೆ. ಜರ್ಮನಿಯ ಇಬ್ಬರು ಸಂಶೋಧಕರು, ಕೆಟ್ ಮತ್ತು ಸಿಕ್ಟಿಂಗ್, ಆಫೀಸಲ್ಲಿ ಕೆಲಸ ಮಾಡೋರ ಬೆನ್ನನ್ನು ಅಳೆದು, ನಾಲ್ಕೂವರೆ ಗಂಟೆ ಎಂದಿನಂತೆ ಕೂತು ಕೆಲಸ ಮಾಡೋಕೆ ಬಿಟ್ಟು, ಮತ್ತೆ ಅಳೆದರು. ಬಿಗಿತ ಹೆಚ್ಚಾಗಿತ್ತು. ಆಮೇಲೆ 8 ನಿಮಿಷ ರೋಲರ್ ಮಸಾಜ್ ಮಾಡಿದವರಲ್ಲಿ ಅದು ಇಳಿದಿತ್ತು. 2020ರಲ್ಲಿ 'ಅಪ್ಲೈಡ್ ಎರ್ಗೊನಾಮಿಕ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಇದು.

ಇದು ಯಾಕೆ ಹೀಗೆ ಅಂತ ಅಡುಗೆಮನೆಯ ಉದಾಹರಣೆಯಿಂದ ಹೇಳ್ತೀನಿ. ಚೆನ್ನಾಗಿ ಹೆಪ್ಪು ಕಟ್ಟಿದ ಮೊಸರು ನೆನಪಿಸ್ಕೊಳ್ಳಿ. ಅಲುಗಾಡಿಸದೇ ಇಟ್ಟರೆ ಗಡ್ಡೆ. ಚಮಚದಲ್ಲಿ ನಾಲ್ಕು ಸಲ ತಿರುಗಿಸಿ, ತೆಳ್ಳಗಾಗುತ್ತೆ. ಸ್ನಾಯುವಿಗೂ ಇಂಥದ್ದೇ ಒಂದು ಗುಣ ಇದೆ. ಸ್ನಾಯುವಿನ ಎಳೆಗಳೊಳಗೆ ಸಣ್ಣ ಸಣ್ಣ ಕೊಂಡಿಗಳಿರುತ್ತವೆ. ಅಲುಗಾಡದೆ ಇದ್ದರೆ ಅವುಗಳಲ್ಲಿ ಒಂದಷ್ಟು ಕಚ್ಚಿಕೊಂಡೇ ಉಳಿಯುತ್ತವೆ. ಚಲನೆ ಕೊಟ್ಟ ಕೂಡಲೇ ಬಿಡುತ್ತವೆ. ಸುಮ್ಮನಾದರೆ ಮತ್ತೆ ಕಚ್ಚಿಕೊಳ್ಳುತ್ತವೆ. ಎರಡು ಗಂಟೆ ಸಿನಿಮಾ ನೋಡಿ ಎದ್ದಾಗ 'ಅಯ್ಯೋ' ಅಂತ ಬರುವ ಉದ್ಗಾರ, ನಾಲ್ಕು ಹೆಜ್ಜೆ ನಡೆದರೆ ಮಾಯವಾಗೋದು ಇದಕ್ಕೇ.

ಇದರಲ್ಲೇ ಒಂದು ಒಳ್ಳೆ ಸುದ್ದಿಯೂ ಇದೆ. ಈ ರೀತಿಯ ಬಿಗಿತ ಬಿಡಿಸೋಕೆ ದುಬಾರಿ ಸಾಧನ ಬೇಕಿಲ್ಲ. ಅಲುಗಾಡಿದರೆ ಸಾಕು.

ರೋಲರ್ ನಿಜವಾಗಿ ಏನು ಮಾಡುತ್ತೆ?

ಫೋಮ್ ರೋಲರ್ ನಮಗೆ ತೀರಾ ಹೊಸದೇನಲ್ಲ ಬಿಡಿ. ಎಣ್ಣೆ ಹಚ್ಚಿ ಬೆನ್ನು ನೀವೋದು, ಕಾಲಿನ ಮೇಲೆ ಲಟ್ಟಣಿಗೆ ಉರುಳಿಸೋದು, ಅಜ್ಜ ಬೋರಲು ಮಲಗಿ ಮೊಮ್ಮಗನ್ನ ಬೆನ್ನ ಮೇಲೆ ನಡೆಸೋದು ಎಲ್ಲವೂ ಇದೇ ವಂಶದವು. ಒತ್ತಡ ಕೊಟ್ಟರೆ ಹಾಯ್ ಅನಿಸುತ್ತೆ ಅನ್ನೋದು ಹಳೇ ಅನುಭವ. ಪ್ರಶ್ನೆ ಇರೋದು ಆ 'ಹಾಯ್' ಎಲ್ಲಿಂದ ಬರುತ್ತೆ ಅನ್ನೋದ್ರಲ್ಲಿ.

ಜಿಮ್‌ಗಳಲ್ಲಿ ಕೇಳಿಬರುವ ವಿವರಣೆ ಹೀಗಿರುತ್ತೆ: ಸ್ನಾಯುವಿನ ಸುತ್ತ ಫ್ಯಾಸಿಯಾ ಅನ್ನೋ ತೆಳು ಪೊರೆ ಇದೆ, ಅದು ಅಂಟಿಕೊಂಡು ಗಂಟಾಗುತ್ತೆ, ರೋಲರ್ ಆ ಗಂಟನ್ನ ಒಡೆಯುತ್ತೆ. ಫ್ಯಾಸಿಯಾ ಇರೋದು ನಿಜ. ಆದರೆ ಅದು ಬಹಳ ಗಟ್ಟಿ ಅಂಗಾಂಶ. ತೊಡೆಯ ಹೊರಭಾಗದ ಫ್ಯಾಸಿಯಾ ಮತ್ತು ಅಂಗಾಲಿನ ಫ್ಯಾಸಿಯಾವನ್ನು ಒಂದು ಶೇಕಡಾದಷ್ಟು ಅಮುಕಬೇಕಾದರೂ ಎಷ್ಟು ಬಲ ಬೇಕು ಅಂತ 2008ರಲ್ಲಿ ಲೆಕ್ಕ ಹಾಕಿದ್ದಾರೆ. ಕೈಯಿಂದ ಮಸಾಜ್ ಮಾಡಿ ಕೊಡಬಹುದಾದ ಬಲದ ಎಷ್ಟೋ ಆಚೆ ಇತ್ತು ಅದು. ಮೂರು ನಿಮಿಷ ಉರುಳಿದ ಮಾತ್ರಕ್ಕೆ ಅದು ಮುರಿಯೋ ಹಾಗಿದ್ದರೆ, ಕುರ್ಚಿಗೆ ಒರಗಿ ಕೂತಾಗಲೂ ಮುರೀಬೇಕಿತ್ತು.

ಹಾಗಾದ್ರೆ ಹಗುರ ಆಗೋದು ಹೇಗೆ? ಹೆಚ್ಚಿನ ಪಾಲು ನರಗಳ ಮೂಲಕ. ಕೆನಡಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. ಮೀನಖಂಡದಲ್ಲಿ, ಅಂದ್ರೆ ಮೊಣಕಾಲ ಕೆಳಗಿನ ಹಿಂಭಾಗದಲ್ಲಿ, ಮುಟ್ಟಿದರೆ ನೋಯುವ ಜಾಗ ಇದ್ದವರನ್ನು ತಗೊಂಡರು. ಒಂದು ಗುಂಪಿಗೆ ನೋವಿದ್ದ ಕಾಲಿಗೇ ರೋಲರ್ ಮಸಾಜ್. ಇನ್ನೊಂದು ಗುಂಪಿಗೆ ನೋವಿಲ್ಲದ ಆ ಕಡೆ ಕಾಲಿಗೆ. ಎರಡೂ ಗುಂಪಿನವರಲ್ಲಿ ನೋವಿನ ಜಾಗ ಹೆಚ್ಚು ಒತ್ತಡ ತಡೆದುಕೊಂಡಿತು. ಮುಟ್ಟದೇ ಇದ್ದ ಕಾಲಿನ ಗಂಟು ಒಡೆಯೋಕೆ ಸಾಧ್ಯವಾ? ಇಲ್ಲ. ಬದಲಾಗಿದ್ದು ನೋವಿನ ಬಗ್ಗೆ ನರಮಂಡಲ ಇಟ್ಟುಕೊಂಡ ಕಾವಲು. ಆ ಕಾವಲು ಸ್ವಲ್ಪ ಸಡಿಲವಾಯ್ತು, ಅಷ್ಟೇ. ಇದರ ಜೊತೆಗೆ ಸ್ವಲ್ಪ ಬಿಸಿ, ಒಂದಷ್ಟು ರಕ್ತಸಂಚಾರ, ಆ ಮೊಸರಿನ ಕಥೆ, ಎಲ್ಲವೂ ಸೇರುತ್ತೆ.

ಎಷ್ಟು ಲಾಭ ಅಂತ ಕೇಳಿದ್ರೆ ಲೆಕ್ಕ ಇದೆ. 2019ರಲ್ಲಿ 21 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ ಬಂತು. ವ್ಯಾಯಾಮಕ್ಕೆ ಮೊದಲು ರೋಲ್ ಮಾಡಿದರೆ ಬಾಗುವಿಕೆ ಸರಾಸರಿ ಶೇ 4ರಷ್ಟು ಹೆಚ್ಚು. ಓಟದ ವೇಗ ಶೇ 0.7 ಹೆಚ್ಚು. ವ್ಯಾಯಾಮದ ನಂತರ ಮಾಡಿದರೆ ಸ್ನಾಯುನೋವಿನ ಅನುಭವ ಶೇ 6ರಷ್ಟು ಕಡಿಮೆ. ಇದು ಸೊನ್ನೆಯಲ್ಲ, ಪವಾಡವೂ ಅಲ್ಲ.

ಎಷ್ಟು ಹೊತ್ತು ಇರುತ್ತೆ? 2013ರ ಇನ್ನೊಂದು ಅಧ್ಯಯನದಲ್ಲಿ ತೊಡೆಯ ಮುಂಭಾಗವನ್ನು ಒಂದೊಂದು ನಿಮಿಷದಂತೆ ಎರಡು ಸಲ ರೋಲ್ ಮಾಡಿಸಿದರು. ಎರಡು ನಿಮಿಷದ ನಂತರ ಮೊಣಕಾಲು ಸುಮಾರು 10 ಡಿಗ್ರಿ ಹೆಚ್ಚು ಬಾಗಿತು. ಹತ್ತು ನಿಮಿಷದ ನಂತರ ಅದು 8 ಡಿಗ್ರಿ. ಸ್ನಾಯುವಿನ ಬಲ ಕಡಿಮೆಯಾಗಲಿಲ್ಲ, ಅದು ಒಳ್ಳೇದು. ಒಟ್ಟಾರೆ ನೋಡಿದರೆ ಒಂದು ಸಲದ ರೋಲಿಂಗ್‌ನ ಪರಿಣಾಮ ನಿಮಿಷಗಳ ಲೆಕ್ಕದ್ದು, ದಿನಗಳ ಲೆಕ್ಕದ್ದಲ್ಲ.

ಅದಕ್ಕೇ ನಾನು ರೋಲರ್‌ಗೆ 'ಬಾಗಿಲು ತೆಗೆಯೋದು' ಅಂತೀನಿ. ಹತ್ತು ಹದಿನೈದು ನಿಮಿಷ ಬಾಗಿಲು ತೆರೆದಿರುತ್ತೆ. ಆ ಹೊತ್ತಲ್ಲಿ ಒಳಗೆ ಹೋಗಬೇಕಾದ್ದು ವ್ಯಾಯಾಮ. ಬಾಗಿಲು ತೆಗೆದು ಮತ್ತೆ ಕುರ್ಚಿ ಮೇಲೆ ಕೂತರೆ ಅದು ತಾನಾಗೇ ಮುಚ್ಚಿಕೊಳ್ಳುತ್ತೆ.

ವ್ಯಾಯಾಮ ಯಾಕೆ ಬೇರೆ?

ವ್ಯಾಯಾಮ ಮಾಡುವಾಗ ಸ್ನಾಯು ಬರೀ ಸಡಿಲ ಆಗಲ್ಲ, ಬಲವೂ ಆಗುತ್ತೆ. 20 ಲೀಟರ್ ನೀರಿನ ಕ್ಯಾನ್ ಯೋಚನೆ ಮಾಡಿ. ಪಿ.ಜಿ.ಯಲ್ಲಿ ಅದನ್ನ ಎತ್ತಿ ಡಿಸ್ಪೆನ್ಸರ್ ಮೇಲೆ ಬೋರಲು ಹಾಕಬೇಕು. ನೀರೇ 20 ಕೆ.ಜಿ. ನಿಮ್ಮ ಬೆನ್ನಿನ ಸಾಮರ್ಥ್ಯ 25 ಕೆ.ಜಿ. ಇದ್ದರೆ ಆ ಕೆಲಸ ಮಿತಿಯ ಅಂಚಿನಲ್ಲಿ ನಡೆಯುತ್ತೆ. 60 ಕೆ.ಜಿ. ಇದ್ದರೆ ಅದು ಆಟ. ಯಾವ ರೋಲರ್ ಕೂಡ 25ನ್ನು 60 ಮಾಡಲ್ಲ. ಎತ್ತಿ ಎತ್ತಿಯೇ ಆಗಬೇಕು, ಸ್ವಲ್ಪ ಸ್ವಲ್ಪವಾಗಿ.

ಇನ್ನೊಂದು ಲಾಭ ಆಗಲೇ ಹೇಳಿದ ಆ ಎಚ್ಚರಿಕೆಗೆ ಸಂಬಂಧಪಟ್ಟದ್ದು. ನೋವಾದ ಬೆನ್ನನ್ನು ನಾವು ಬಾಗಿಸೋದೇ ಬಿಡ್ತೀವಿ. ಬಿದ್ದ ಪೆನ್ನು ಎತ್ತೋಕೂ ಉಸಿರು ಹಿಡೀತೀವಿ. ಬಾಗದೆ ಬಾಗದೆ ಮಿದುಳಿಗೆ 'ಬಾಗೋದು ಅಪಾಯ' ಅಂತ ಇನ್ನೂ ಗಟ್ಟಿಯಾಗುತ್ತೆ. ಹಂತಹಂತವಾಗಿ ಬಾಗಿಸಿ, ಏನೂ ಆಗಲಿಲ್ಲ ಅಂತ ತೋರಿಸಿದಾಗ ಆ ಕಾವಲು ತಾನೇ ಇಳಿಯುತ್ತೆ.

ಸಾಕ್ಷ್ಯ ಬೇಕಲ್ವಾ? 2021ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ 249 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಬಹಳ ಕಾಲದ ಸೊಂಟನೋವಿಗೆ ಚಿಕಿತ್ಸೆ ಇಲ್ಲದೇ ಇರೋದಕ್ಕಿಂತ ವ್ಯಾಯಾಮ ಮಾಡಿದವರಲ್ಲಿ ನೋವು ಕಡಿಮೆ ಅಂತ ಹೇಳಿತು. 2023ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಬಾರಿಗೆ ಇದರ ಬಗ್ಗೆ ಮಾರ್ಗಸೂಚಿ ಕೊಟ್ಟಿತು. ಅದರಲ್ಲಿ ವ್ಯಾಯಾಮ ಇದೆ. ಸೊಂಟಕ್ಕೆ ಕಟ್ಟುವ ಬೆಲ್ಟ್ ಮಾತ್ರ ಶಿಫಾರಸಿನಲ್ಲಿ ಇಲ್ಲ, ಬೇಡ ಅಂತಲೇ ಹೇಳಿದೆ. 2020ರಲ್ಲಿ ಜಗತ್ತಿನಾದ್ಯಂತ 61.9 ಕೋಟಿ ಜನಕ್ಕೆ ಸೊಂಟನೋವು ಇತ್ತು ಅನ್ನೋದು ಅದೇ ಸಂಸ್ಥೆ ಕೊಡುವ ಅಂಕಿ. ನೀವು ಒಬ್ಬರೇ ಅಲ್ಲ.

ನನಗೆ ತುಂಬಾ ಇಷ್ಟವಾದ ಅಧ್ಯಯನ ಇನ್ನೂ ಸರಳ. ಸಿಡ್ನಿಯ ಮೆಕ್ವಾರಿ ವಿಶ್ವವಿದ್ಯಾಲಯದವರು ಬೆನ್ನುನೋವಿನಿಂದ ಆಗಷ್ಟೇ ಚೇತರಿಸಿಕೊಂಡಿದ್ದ 701 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಫಿಸಿಯೋಥೆರಪಿಸ್ಟ್ ಮಾರ್ಗದರ್ಶನದಲ್ಲಿ ನಡಿಗೆ. ನಿಧಾನಕ್ಕೆ ಶುರು ಮಾಡಿ, ಆರು ತಿಂಗಳೊಳಗೆ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ತಲುಪೋದು ಗುರಿ. ಇನ್ನೊಂದು ಗುಂಪಿಗೆ ಏನೂ ಇಲ್ಲ. ನೋವು ಮತ್ತೆ ಬರೋಕೆ ನಡೆಯದವರಲ್ಲಿ 112 ದಿನ ಹಿಡಿದರೆ, ನಡೆದವರಲ್ಲಿ 208 ದಿನ. ಇದು ಮಧ್ಯಂಕ, ಅಂದ್ರೆ ಸಾಲಿನಲ್ಲಿ ಮಧ್ಯ ಇರುವವರ ಲೆಕ್ಕ. 2024ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದಿದೆ. ಒಂದು ಜೊತೆ ಚಪ್ಪಲಿ ಬಿಟ್ಟರೆ ಇದಕ್ಕೆ ಬೇರೆ ಸಾಮಾನು ಬೇಕಿಲ್ಲ.

ವ್ಯಾಯಾಮದಿಂದಲೇ ಬಿಗಿಯಾದ್ರೆ?

ಜಿಮ್‌ಗೆ ಹೊಸದಾಗಿ ಸೇರಿದವರ ಪ್ರಶ್ನೆ ಇದು. 'ಮೊದಲ ದಿನ ಮಾಡ್ದೆ, ಎರಡನೇ ದಿನ ಏಳೋಕೇ ಆಗ್ಲಿಲ್ಲ.' ಅಭ್ಯಾಸವಿಲ್ಲದ ಕೆಲಸ ಮಾಡಿದಾಗ, ಅದರಲ್ಲೂ ಭಾರವನ್ನು ನಿಧಾನಕ್ಕೆ ಕೆಳಗಿಳಿಸುವಾಗ, ಸ್ನಾಯುವಿನಲ್ಲಿ ಅತಿಸಣ್ಣ ಘಾಸಿ ಆಗುತ್ತೆ. ಅದರ ನೋವು 24ರಿಂದ 72 ಗಂಟೆಯೊಳಗೆ ಜೋರಾಗಿ, ಆಮೇಲೆ ಇಳಿಯುತ್ತೆ. ಇದಕ್ಕೆ ಲ್ಯಾಕ್ಟಿಕ್ ಆಸಿಡ್ ಕಾರಣ ಅಂತಾರೆ, ಅಲ್ಲ. ವ್ಯಾಯಾಮ ಮುಗಿದು ಸುಮಾರು ಒಂದು ಗಂಟೆಯೊಳಗೆ ಅದು ಮೊದಲಿನ ಮಟ್ಟಕ್ಕೆ ಬಂದಿರುತ್ತೆ. ಈ ದಿನಗಳಲ್ಲಿ ಹಗುರವಾದ ನಡಿಗೆ, ಸ್ವಲ್ಪ ರೋಲಿಂಗ್ ಎರಡೂ ಹಿತ ಕೊಡುತ್ತವೆ. ಮುಂದಿನ ಸಲ ಅದೇ ಕೆಲಸಕ್ಕೆ ಅಷ್ಟು ನೋಯಲ್ಲ. ಸ್ನಾಯು ಕಲಿತಿರುತ್ತೆ.

ಮಾಡೋದು ಹೇಗೆ?

ರೋಲರ್ ಇದ್ದರೆ, ನೆಲದ ಮೇಲೆ ಅಡ್ಡ ಇಟ್ಟು ಹೆಗಲ ಹಲಗೆಯ ಮಟ್ಟಕ್ಕೆ ಬೆನ್ನು ಒರಗಿಸಿ. ಮೊಣಕಾಲು ಮಡಚಿ, ತಲೆಗೆ ಕೈ ಆಸರೆ. ಸೊಂಟ ಸ್ವಲ್ಪ ಎತ್ತಿ, ಮೇಲ್ಬೆನ್ನಿನಿಂದ ಪಕ್ಕೆಲುಬು ಮುಗಿಯುವ ಜಾಗದವರೆಗೆ ಮಾತ್ರ ನಿಧಾನಕ್ಕೆ ಉರುಳಿ. ಒಂದೂವರೆ ಎರಡು ನಿಮಿಷ ಸಾಕು. ಉಸಿರು ಸರಾಗವಾಗಿ ಬರ್ತಿರಬೇಕು. ಹಲ್ಲು ಕಚ್ಚಿ ಸಹಿಸುವಷ್ಟು ಒತ್ತಿದರೆ ಸ್ನಾಯು ಇನ್ನಷ್ಟು ಬಿಗಿದುಕೊಳ್ಳುತ್ತೆ.

ಕೆಳಬೆನ್ನಿನ ಮೇಲೆ ನೇರವಾಗಿ ಉರುಳಬೇಡಿ. ಅಲ್ಲಿ ಪಕ್ಕೆಲುಬಿನ ಆಸರೆ ಇಲ್ಲ, ಬೆನ್ನು ಕಮಾನಿನಂತೆ ಹಿಂದಕ್ಕೆ ಬಾಗಿ ಭಾರವೆಲ್ಲ ಒಂದೇ ಕಡೆ ಬೀಳುತ್ತೆ. ಅದರ ಬದಲು ಪೃಷ್ಠದ ಸ್ನಾಯು, ತೊಡೆಯ ಹಿಂಭಾಗಕ್ಕೆ ಮಾಡಿ. ಸೊಂಟದ ಹತ್ತಿರ ಬೇಕೇ ಬೇಕು ಅನಿಸಿದರೆ ಟೆನಿಸ್ ಚೆಂಡನ್ನು ಕಾಲುಚೀಲದಲ್ಲಿ ಹಾಕಿ, ಗೋಡೆಗೂ ಬೆನ್ನಿಗೂ ಮಧ್ಯೆ ಇಟ್ಟು, ಬೆನ್ನುಮೂಳೆ ತಪ್ಪಿಸಿ ಪಕ್ಕದ ಸ್ನಾಯುವಿಗೆ ಒತ್ತಿ. ರೋಲರ್ ಕೊಳ್ಳೋ ಮೊದಲು ಇದನ್ನೇ ಮಾಡಿ ನೋಡಬಹುದು. ಮೂಳೆ ಸವೆತ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭಿಣಿಯರು, ಇತ್ತೀಚೆಗೆ ಬಿದ್ದು ಪೆಟ್ಟಾದವರು ವೈದ್ಯರನ್ನು ಕೇಳದೆ ಮಾಡಬಾರದು.

ಬಾಗಿಲು ತೆರೆದ ಮೇಲೆ ಹತ್ತು ನಿಮಿಷ ಈ ನಾಲ್ಕು. ಒಂದು, ಮಾರ್ಜಾಲಾಸನ: ಕೈ ಮತ್ತು ಮಂಡಿ ಊರಿ, ಬೆನ್ನು ಮೇಲಕ್ಕೆ ಗುಬ್ಬಿಸಿ, ಆಮೇಲೆ ತಗ್ಗಿಸಿ, ಎಂಟು ಹತ್ತು ಸಲ. ಎರಡು, ಅದೇ ಭಂಗಿಯಲ್ಲಿ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ ಹತ್ತು ಸೆಕೆಂಡ್, ಮತ್ತೆ ಬದಲಿಸಿ. ಮೂರು, ಸೇತುಬಂಧಾಸನ: ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತೋದು, ಹತ್ತು ಸಲ. ನಾಲ್ಕು, ಒಂದು ಪಕ್ಕಕ್ಕೆ ಮಲಗಿ ಮೊಣಕೈ ಊರಿ ಸೊಂಟ ಎತ್ತಿ ಹಿಡಿಯೋದು, ಆಗುವಷ್ಟು ಹೊತ್ತು. ಕಷ್ಟ ಆದರೆ ಮಂಡಿ ನೆಲಕ್ಕೆ ಊರಿ. ವಾರಕ್ಕೆ ಎರಡು ದಿನ ಇದಕ್ಕೆ ಭಾರ ಸೇರಿಸಿ. ಪುಸ್ತಕ ತುಂಬಿದ ಬ್ಯಾಗ್ ಕೂಡ ನಡೆಯುತ್ತೆ.

ಕೂತು ಕೆಲಸ ಮಾಡೋರು ಅರ್ಧ ಮುಕ್ಕಾಲು ಗಂಟೆಗೊಮ್ಮೆ ಎದ್ದು ನೀರು ಕುಡಿದು ಬನ್ನಿ. ಡೆಲಿವರಿ ಮಾಡೋರಿಗೆ ಆರ್ಡರ್ ಕಾಯುವ ಐದು ನಿಮಿಷ ಇರುತ್ತಲ್ಲ, ಆಗ ಗಾಡಿ ಮೇಲೇ ಕೂರದೆ ಇಳಿದು ನಾಲ್ಕು ಹೆಜ್ಜೆ ಓಡಾಡಿ, ಕೈ ಸೊಂಟಕ್ಕಿಟ್ಟು ಹಿಂದಕ್ಕೆ ಬಾಗಿ.

ಇದು ಸ್ನಾಯುವಿನ ಬಿಗಿತವೇ ಅಲ್ಲದಿದ್ರೆ?

ಇಲ್ಲಿವರೆಗೆ ಕೇಳಿದ್ದನ್ನ ಮರೆತರೂ ಪರವಾಗಿಲ್ಲ, ಈ ಭಾಗ ನೆನಪಿಡಿ.

ನನ್ನ ಗೆಳೆಯನೊಬ್ಬ, ಆಗ ವಯಸ್ಸು 26. ದಿನಾ ಬೆಳಗ್ಗೆ ಎದ್ದಾಗ ಬೆನ್ನು ಕಟ್ಟಿಗೆ. ಮುಕ್ಕಾಲು ಗಂಟೆ ರೋಲರ್ ಮೇಲೆ ಉರುಳಿ, ಬಿಸಿನೀರು ಹುಯ್ಕೊಂಡ ಮೇಲೇ ಬಗ್ಗಿ ಶೂ ಹಾಕ್ಕೊಳ್ಳೋಕೆ ಆಗ್ತಿದ್ದಿದ್ದು. ಓಡಾಡಿದರೆ ಆರಾಮ, ಭಾನುವಾರ ಪೂರ್ತಿ ಮಲಗಿದರೆ ಇನ್ನೂ ಜಾಸ್ತಿ. 'ಹಾಸಿಗೆ ಸರಿಯಿಲ್ಲ' ಅಂದರು, ಹಾಸಿಗೆ ಬದಲಿಸಿದ. 'ಉಳುಕು' ಅಂದರು, ತೆಗೆಸಿದ. ಎರಡು ವರ್ಷ ಕಳೆದ ಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ಒಂದೇ ಪ್ರಶ್ನೆ ಕೇಳಿದರು: 'ರಾತ್ರಿ ಮೂರು ನಾಲ್ಕು ಗಂಟೆಗೆ ನೋವಿಂದ ಎಚ್ಚರ ಆಗುತ್ತಾ?' ಆಗ್ತಿತ್ತು. ಅವರೇ ರುಮಟಾಲಜಿಸ್ಟ್ ಹತ್ತಿರ ಕಳಿಸಿದರು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅಂತ ಗೊತ್ತಾಯ್ತು.

ಇದು ಬೆನ್ನುಮೂಳೆ ಮತ್ತು ಸೊಂಟದ ಕೀಲುಗಳಲ್ಲಿ ಉರಿಯೂತ ಬರುವ ಕಾಯಿಲೆ. ದೇಹದ ರಕ್ಷಣಾ ವ್ಯವಸ್ಥೆಯೇ ಎಡವಟ್ಟು ಮಾಡುವಂಥದ್ದು. ಸಾಮಾನ್ಯವಾಗಿ 45ರೊಳಗೆ, ಹೆಚ್ಚಾಗಿ ಹದಿಹರೆಯದ ಕೊನೆ ಅಥವಾ ಇಪ್ಪತ್ತರ ಆಸುಪಾಸಿನಲ್ಲೇ ಶುರುವಾಗುತ್ತೆ. ಲಕ್ಷಣ ಶುರುವಾದ ಮೇಲೆ ಕಾಯಿಲೆ ಗೊತ್ತಾಗೋಕೆ ಸರಾಸರಿ ಆರೇಳು ವರ್ಷ ಹಿಡಿಯುತ್ತೆ ಅಂತ ಜಗತ್ತಿನ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಹೇಳುತ್ತೆ. ಚಿಕ್ಕ ವಯಸ್ಸಿನವರ ಬೆನ್ನುನೋವನ್ನ ಎಲ್ಲರೂ 'ಕೂರೋ ಭಂಗಿ ಸರಿಯಿಲ್ಲ' ಅಂತ ತಳ್ಳಿಹಾಕೋದೂ ಒಂದು ಕಾರಣ. ಬೇಗ ಗೊತ್ತಾದರೆ ಒಳ್ಳೆಯ ಔಷಧಿಗಳಿವೆ. ತಡವಾದರೆ ಕೆಲವರಲ್ಲಿ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳಬಹುದು. ಆ ಬಿಗಿತವನ್ನ ಯಾವ ರೋಲರ್ ಕೂಡ ಬಿಡಿಸಲ್ಲ.

ಹಾಗಾಗಿ ಇಷ್ಟು ನೋಡಿಕೊಳ್ಳಿ: ಬೆನ್ನುನೋವು ಮೂರು ತಿಂಗಳಿಗಿಂತ ಹೆಚ್ಚು ಕಾಲದಿಂದ ಇದೆಯಾ? ಬೆಳಗಿನ ಬಿಗಿತ ಅರ್ಧ ಗಂಟೆ ಮೀರುತ್ತಾ? ಓಡಾಡಿದರೆ ಕಡಿಮೆ, ವಿಶ್ರಾಂತಿ ತಗೊಂಡರೆ ಜಾಸ್ತಿ ಆಗುತ್ತಾ? ರಾತ್ರಿಯ ಎರಡನೇ ಅರ್ಧದಲ್ಲಿ ಎಚ್ಚರ ಆಗುತ್ತಾ? ಇದರಲ್ಲಿ ಹೆಚ್ಚಿನವಕ್ಕೆ ಹೌದು ಅಂದ್ರೆ ರುಮಟಾಲಜಿಸ್ಟ್ ನೋಡಿ. ನನ್ನ ಗೆಳೆಯ ಈಗ ಔಷಧಿ ತಗೊಳ್ತಾನೆ, ಈಜ್ತಾನೆ. ಈ ಕಾಯಿಲೆಯಲ್ಲೂ ವ್ಯಾಯಾಮ ಚಿಕಿತ್ಸೆಯ ಭಾಗವೇ.

ಇನ್ನು ಕೆಲವಕ್ಕೆ ಕಾಯೋದೇ ಬೇಡ. ಬೆನ್ನುನೋವಿನ ಜೊತೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಗಳ ಸಂದು ಮರಗಟ್ಟಿದರೆ, ಕಾಲಿನ ಬಲ ಕುಂದುತ್ತಾ ಹೋದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಹೋಗಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯೋದು, ಅಪಘಾತದ ನಂತರದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದು, ಇವಿದ್ದರೂ ಮನೆಮದ್ದು ಬೇಡ.

ಕೊನೆಗೆ

ಉಳಿದ ಬಹುಪಾಲು ಬೆನ್ನುಗಳಿಗೆ ನಾನು ಹೇಳೋದು ಇಷ್ಟೇ. ರೋಲರ್ ಹಿತ ಅನಿಸಿದರೆ ಬಳಸಿ, ಇಲ್ಲದಿದ್ದರೆ ಬೇಸರ ಬೇಡ, ಏನೂ ಕಳ್ಕೊಂಡಿಲ್ಲ. ದುಡ್ಡು ಇದ್ದರೆ ರೋಲರ್, ಸಮಯ ಇದ್ದರೆ ವ್ಯಾಯಾಮ, ಎರಡೂ ಕಮ್ಮಿ ಇದ್ದರೆ ನಡಿಗೆ. ಈ ಸಂಚಿಕೆಯನ್ನ ಕೂತು ಕೇಳಿದ್ದರೆ ಮುಂದಿನದನ್ನ ನಡೀತಾ ಕೇಳಿ.

ಬೆಳಗ್ಗೆ ಬೆನ್ನು ಹಿಡ್ಕೊಳ್ಳುತ್ತೆ ಅಂತ ಸದಾ ಹೇಳುವ ಗೆಳೆಯರೋ ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಇದನ್ನ ಕಳಿಸಿ. ಮುಂದಿನ ವಾರ ದಿಂಬು, ಹಾಸಿಗೆ ಮತ್ತು ಕುತ್ತಿಗೆ ನೋವಿನ ಬಗ್ಗೆ ಮಾತಾಡೋಣ. ಅಲ್ಲಿವರೆಗೆ ನಮಸ್ಕಾರ.